ಗಾಲಿಮನೆಯ ಚಾವಣಿಗೊಂದು ಸೌರಹಾಳೆ

ಬಸವನಹುಳು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತೇ ತಿರುಗುತ್ತದೆ. ಅಮೆರಿಕದಲ್ಲಿ ಹೀಗೆ ಮನೆಸಮೇತ ತಿರುಗುವ ಮನುಷ್ಯರೂ ಲಕ್ಷಗಟ್ಟಲೆ ಇದ್ದಾರೆ. ಬಸ್ಸಿನಷ್ಟು ಉದ್ದದ ವಾಹನ. ಅದರೊಳಗೇ ಮಂಚ, ಒಲೆ, ಫ್ರಿಜ್, ಬಚ್ಚಲು. ‘ರಿಕ್ರಿಯೇಷನಲ್ ವೆಹಿಕಲ್’ ಎಂಬ ಉದ್ದನೆಯ ಹೆಸರನ್ನು ಅಲ್ಲಿಯವರು ‘ಆರ್‌ವಿ’ ಎಂದು ಮೊಟಕು ಮಾಡಿಕೊಂಡಿದ್ದಾರೆ. ಇಲ್ಲಿ ಅದನ್ನು ಗಾಲಿಮನೆ ಎಂದು ಕರೆಯಬಹುದು.

ಚಳಿಗಾಲ ಬಂತೆಂದರೆ ಉತ್ತರದ ರಾಜ್ಯಗಳ ಮತ್ತು ಕೆನಡಾದ ನಿವೃತ್ತರು ಹಿಮದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ. ಅವರಲ್ಲಿ ಬಹಳ ಮಂದಿ ಸೇರುವ ಜಾಗ ಅರಿಜೋನಾ ಮರುಭೂಮಿಯ ಕ್ವಾರ್ಟ್‌ಸೈಟ್. ಕೆಲವೇ ಸಾವಿರ ಜನರ ಪುಟ್ಟ ಊರು. ಸುತ್ತಲಿನ ಸರ್ಕಾರಿ ಬಯಲಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡಲು 1983ರಿಂದ ಪರವಾನಗಿಯ ಏರ್ಪಾಡಿದೆ. ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಬಿಡಾರದ ಪಕ್ಕ ಕರೆಂಟಿನ ಕಂಬ ಇರುವುದಿಲ್ಲ.

ಅಲ್ಲಿಗೆ ಹೊರಟ ಒಂದು ವೃದ್ಧ ದಂಪತಿಯನ್ನು ಊಹಿಸಿಕೊಳ್ಳಿ. ಯಜಮಾನರಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನಲ್ಲಿ ಹಾಲು, ತರಕಾರಿಯ ಜೊತೆಗೆ ಅವರ ಇನ್ಸುಲಿನ್ನೂ ಇದೆ. ಫ್ರಿಜ್ ನಿಲ್ಲುವ ಹಾಗಿಲ್ಲ. ಜನರೇಟರು ಗದ್ದಲ ಮಾಡುತ್ತದೆ, ಪೆಟ್ರೋಲು ಕುಡಿಯುತ್ತದೆ. ಉಳಿದ ದಾರಿ ಚಾವಣಿಯ ಮೇಲೆ ಸೌರಫಲಕ. ಆದರೆ ಅದನ್ನು ಕೂರಿಸುವುದು ಹೇಗೆ? ಸ್ಕ್ರೂ ಹೊಡೆದೋ, ಅಂಟು ಹಚ್ಚಿಯೋ?

ಸ್ಕ್ರೂ ಎಂದೊಡನೆ ಗಾಲಿಮನೆಯವರ ಎದೆ ಝಲ್ಲೆನ್ನುತ್ತದೆ. ಕಾರಣವಿದೆ. ಅದರ ಚಾವಣಿ ನಮ್ಮ ಆರ್‌ಸಿಸಿಯಂತೆ ಗಟ್ಟಿಯಲ್ಲ. ಸಾಮಾನ್ಯವಾಗಿ ಮೇಲೆ ರಬ್ಬರಿನ ಅಥವಾ ಫೈಬರ್‌ಗ್ಲಾಸಿನ ತೆಳು ಹೊದಿಕೆ, ಅದರಡಿ ತೆಳ್ಳನೆಯ ಪ್ಲೈವುಡ್, ಅದರ ಕೆಳಗೆ ಥರ್ಮೋಕೋಲಿನಂಥ ನೊರೆಹಲಗೆ. ಸ್ಕ್ರೂ ತೂತಿನಿಂದ ಹನಿ ನೀರು ಇಳಿದರೂ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗೆ ಗೊತ್ತಾಗುವ ಹೊತ್ತಿಗೆ ಅರ್ಧ ಚಾವಣಿ ಹೋಗಿರುತ್ತದೆ. ಸೋರುವ ಮಾಡಿನ ಕಷ್ಟ ಮಲೆನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಾಳಿಯ ಲೆಕ್ಕ. ಒಂಬತ್ತನೆಯ ತರಗತಿಯ ಹುಡುಗರೂ ಇದನ್ನು ಮಾಡಬಹುದು. ವಾಹನ ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 28 ಮೀಟರು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಎದುರುಗಾಳಿಯ ಒತ್ತಡ ಸಿಗುತ್ತದೆ: ಚದರ ಮೀಟರಿಗೆ ಸುಮಾರು 470 ನ್ಯೂಟನ್, ಅಂದರೆ 47 ಕಿಲೋ ತೂಕದಷ್ಟು. ಎತ್ತರಿಸಿ ಕೂರಿಸಿದ ಗಾಜಿನ ಫಲಕದ ಅಡಿಗೆ ಈ ಗಾಳಿ ನುಗ್ಗಿ ಎತ್ತಲು ನೋಡುತ್ತದೆ. ಚಾವಣಿಗೆ ಅಪ್ಪಿಕೊಂಡ ಹಾಳೆಯ ಅಡಿಯಲ್ಲಿ ನುಗ್ಗಲು ಜಾಗವೇ ಇಲ್ಲ. ತೂಕವೂ ಕಡಿಮೆ: 100 ವಾಟಿನ ಗಾಜಿನ ಫಲಕ 7 ಕಿಲೋ ಆಸುಪಾಸು ತೂಗಿದರೆ ಬಾಗುವ ಹಾಳೆ 2 ಕಿಲೋ. ಇಷ್ಟು ಕೇಳಿದ ಮೇಲೆ ಅಂಟಿಸುವುದೇ ಜಾಣತನ ಎಂದು ಯಾರಿಗಾದರೂ ಅನ್ನಿಸುತ್ತದೆ.

ಅಂಟಿಸುವ ಸೌರಹಾಳೆಗೆ ಹೆಸರು ತಂದುಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ಒವ್ಶಿನ್‌ಸ್ಕಿ (1922–2012). ಕಾಲೇಜಿನ ಮೆಟ್ಟಿಲು ಹತ್ತದ ಈ ಲೇತ್ ಕೆಲಸಗಾರ, ಸ್ಫಟಿಕ ರೂಪವಿಲ್ಲದ ವಸ್ತುಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧರಾದರು. ಸಿಲಿಕಾನ್ ಪರಮಾಣುಗಳು ಪೆರೇಡಿನ ಮಕ್ಕಳಂತೆ ಸಾಲಾಗಿ ನಿಂತರೆ ಅದು ಸ್ಫಟಿಕ. ಜಾತ್ರೆಯ ಜನರಂತೆ ಅಡ್ಡಾದಿಡ್ಡಿ ನಿಂತರೆ ಅಸ್ಫಟಿಕ. ಈ ಅಸ್ಫಟಿಕ ಸಿಲಿಕಾನನ್ನು ಒವ್ಶಿನ್‌ಸ್ಕಿಯವರ ಕಂಪನಿ ತೆಳು ಸ್ಟೀಲಿನ ಸುರುಳಿಯ ಮೇಲೆ, ಪತ್ರಿಕೆ ಮುದ್ರಿಸಿದ ಹಾಗೆ, ಉದ್ದಕ್ಕೆ ಲೇಪಿಸುತ್ತ ಹೋಯಿತು. ‘ಯೂನಿ-ಸೋಲಾರ್’ ಹೆಸರಿನ ಆ ಪಟ್ಟಿಯ ಹಿಂಬದಿಯ ಕಾಗದ ಕಿತ್ತರೆ ಅಂಟು ಸಿದ್ಧ. ಕಾರ್ಖಾನೆಗಳ ಲೋಹದ ಚಾವಣಿಗೂ ಗಾಲಿಮನೆಗಳಿಗೂ ಅದು ಹತ್ತಿತು.

ಅದರ ಕೊರತೆ ಎಂದರೆ ಜಾಗ. 136 ವಾಟಿನ ಪಟ್ಟಿ ಐದೂವರೆ ಮೀಟರು ಉದ್ದ, 39 ಸೆಂ.ಮೀ. ಅಗಲ. ಚದರ ಮೀಟರಿಗೆ 63 ವಾಟ್ ಮಾತ್ರ. ಒಳ್ಳೆಯ ಸ್ಫಟಿಕ ಸಿಲಿಕಾನ್ ಅಷ್ಟೇ ಜಾಗದಲ್ಲಿ 200 ವಾಟ್ ಕೊಡುತ್ತದೆ. ಸ್ಫಟಿಕ ಫಲಕಗಳ ಬೆಲೆ ಇಳಿಯುತ್ತ ಬಂದಂತೆ ಅಸ್ಫಟಿಕದವರಿಗೆ ಪೈಪೋಟಿ ಕೊಡಲಾಗಲಿಲ್ಲ. 2012ರಲ್ಲಿ ಕಂಪನಿ ದಿವಾಳಿ ಎದ್ದಿತು.

ಆದರೆ ಅಂಟಿಸುವ ರೂಢಿ ಉಳಿಯಿತು. ಈಗ ಅಂಗಡಿಯಲ್ಲಿ ಸಿಗುವ ಬಾಗುವ ಹಾಳೆಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಸ್ಫಟಿಕ ಸಿಲಿಕಾನು. ಗಾಜನ್ನು ತೆಗೆದು ಮೇಲೂ ಕೆಳಗೂ ಪ್ಲಾಸ್ಟಿಕ್ ಹೊದಿಸಿದ್ದಾರೆ, ಅಷ್ಟೆ. ನೋಡಲು ಎರಡೂ ಹಾಳೆಗಳು ಅಣ್ಣ ತಮ್ಮಂದಿರಂತಿವೆ. ಅಂಟಿಸಿಕೊಳ್ಳುವ ಯೋಗ್ಯತೆ ಮಾತ್ರ ಎರಡಕ್ಕೂ ಒಂದೇ ಅಲ್ಲ. ಇಡೀ ಕಥೆಯ ಗಂಟು ಇರುವುದು ಇಲ್ಲಿ.

ಮೊದಲು ಶಾಖವನ್ನು ನೋಡಿ. ಫಲಕದ ಮೇಲೆ ಬರೆದ ವಾಟ್ ಪ್ರಯೋಗಶಾಲೆಯದು. ಸೌರಕೋಶ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಬೇಸಿಗೆಯ ನಡುಮಧ್ಯಾಹ್ನ ಅಂಟಿಸಿದ ಹಾಳೆ 70 ಡಿಗ್ರಿ ಮುಟ್ಟಿತೆನ್ನಿ. ಸ್ಫಟಿಕ ಸಿಲಿಕಾನು ಏರಿದ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 45 ಡಿಗ್ರಿಗೆ ಶೇ. 18. ಹಳೆಯ ಅಸ್ಫಟಿಕ ಪಟ್ಟಿಯಲ್ಲಿ ಡಿಗ್ರಿಗೆ ಶೇ. 0.21 ಮಾತ್ರ; ಒಟ್ಟು ಶೇ. 10ರ ಒಳಗೆ. ಅಂದರೆ ಬಿಸಿ ಚಾವಣಿಗೆ ಅಪ್ಪಿಕೊಂಡು ಮಲಗುವುದು ಅದಕ್ಕೆ ಒಗ್ಗಿತ್ತು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ತಗಡಿಗೆ ಕಪ್ಪು ಬಣ್ಣ ಬಳಿಯಿರಿ. ಒಂದನ್ನು ಥರ್ಮೋಕೋಲಿನ ಮೇಲೆ ಒತ್ತಿ ಇಡಿ, ಇನ್ನೊಂದನ್ನು ಎರಡು ಇಟ್ಟಿಗೆಗಳ ನಡುವೆ ಸೇತುವೆಯಂತೆ ಇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಬಿಟ್ಟು ಎರಡರ ಮೇಲೂ ಒಂದೊಂದು ಚಮಚ ನೀರು ಹಾಕಿ. ಯಾವುದು ಮೊದಲು ಆರುತ್ತದೆ? ಇಟ್ಟಿಗೆಯ ಮೇಲಿನ ತಗಡು ಎರಡೂ ಮುಖದಿಂದ ಗಾಳಿಗೆ ಶಾಖ ಬಿಟ್ಟುಕೊಡುತ್ತದೆ. ಥರ್ಮೋಕೋಲಿನ ಮೇಲಿನದಕ್ಕೆ ಇರುವುದು ಒಂದೇ ಬಾಗಿಲು.

ಕಳೆದುಹೋಗುವ ವಿದ್ಯುತ್ತು ದೊಡ್ಡ ನಷ್ಟವೇನಲ್ಲ; ಇನ್ನೊಂದು ಹಾಳೆ ಹಾಕಿದರೆ ಸರಿಹೋಗುತ್ತದೆ. ಸರಿಪಡಿಸಲಾಗದ್ದು ಬೇರೆ. ಸ್ಫಟಿಕ ಸಿಲಿಕಾನಿನ ಬಿಲ್ಲೆ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದಪ್ಪವಿಲ್ಲ. ಅದು ಕರಿದ ಹಪ್ಪಳದಂತೆ. ತುಸು ಬಾಗೀತು, ಹೆಚ್ಚಾದರೆ ಸೀಳೀತು. ಹಾದಿಯ ಕುಲುಕಾಟ, ಹಗಲಿನ ಕಾವು, ಮರುಭೂಮಿಯ ರಾತ್ರಿಯ ಚಳಿ ಇವೆಲ್ಲ ಸೇರಿ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ.

ನೆರಳೂ ಹಾಗೆಯೇ. ಒಂದು ಹಾಳೆಯಲ್ಲಿ ಸುಮಾರು ಅರ್ಧ ವೋಲ್ಟಿನ 36 ಕೋಶಗಳು ಸರಣಿಯಲ್ಲಿ ಇರುತ್ತವೆನ್ನಿ. ಒಟ್ಟು 18 ವೋಲ್ಟ್. ಚಾವಣಿಯ ಏರ್‌ಕಂಡೀಷನರಿನ ನೆರಳು ಅವುಗಳಲ್ಲಿ ಒಂದರ ಮೇಲೆ ಬಿದ್ದರೂ, ಇಕ್ಕಟ್ಟಿನ ಓಣಿಯಲ್ಲಿ ಎತ್ತಿನಗಾಡಿ ನಿಂತ ಹಾಗೆ. ಹಿಂದಿನವರೆಲ್ಲ ಅದರ ಮೇಲೇ ಒತ್ತುತ್ತಾರೆ. ವಿದ್ಯುತ್ ಹುಟ್ಟಿಸಬೇಕಾದ ಕೋಶ ಆಗ ವಿದ್ಯುತ್ ನುಂಗಿ ಕಾಯತೊಡಗುತ್ತದೆ. ಬಿರುಕು ಬಿಟ್ಟ ಕೋಶದ ಗತಿಯೂ ಇದೇ. ಇದಕ್ಕೆಂದೇ ‘ಬೈಪಾಸ್ ಡಯೋಡ್’ ಎಂಬ ಪಕ್ಕದ ದಾರಿ ಇರುತ್ತದೆ, ಆದರೆ ಅಗ್ಗದ ಹಾಳೆಗಳಲ್ಲಿ ಅದನ್ನು ನೆಚ್ಚುವಂತಿಲ್ಲ. ಕಾದ ಜಾಗದಲ್ಲಿ ಪ್ಲಾಸ್ಟಿಕ್ ಕಂದುಗಟ್ಟಿ ಸುಟ್ಟ ಹಾಳೆಗಳುಂಟು. ಅಡಿಯಲ್ಲಿ ಗಾಳಿಯಿಲ್ಲ, ಇರುವುದು ಚಾವಣಿ. ಕೆಟ್ಟದ್ದನ್ನು ಕಿತ್ತು ಹಾಕೋಣವೆಂದರೆ ಅಂಟಿನ ಜೊತೆ ಹೊದಿಕೆಯೂ ಕಿತ್ತು ಬರುತ್ತದೆ. ಯಾವ ಸೋರಿಕೆಗೆ ಹೆದರಿ ಸ್ಕ್ರೂ ಬಿಟ್ಟರೋ ಅದೇ ಸೋರಿಕೆ!

ಹಾಗಾದರೆ ಅಂಟಿಸಲೇಬಾರದೇ? ಅಂಟಿಸಬಹುದು, ಚಾವಣಿಗೆ ನೇರವಾಗಿ ಬೇಡ. ಅನುಭವಿಗಳು ಹಾಳೆಗೂ ಚಾವಣಿಗೂ ನಡುವೆ ಪಾಲಿಕಾರ್ಬೊನೇಟಿನ ಎರಡು ಪದರದ ತಗಡು ಹಾಕುತ್ತಾರೆ. ರಟ್ಟಿನ ಪೆಟ್ಟಿಗೆಯ ಗೋಡೆಯಲ್ಲಿರುವಂತೆ ಅದರೊಳಗೆ ಉದ್ದಕ್ಕೂ ಕೊಳವೆಗಳಿವೆ. ಅವುಗಳ ಎರಡೂ ತುದಿ ತೆರೆದಿದ್ದರೆ ಸ್ವಲ್ಪವಾದರೂ ಗಾಳಿ ಆಡುತ್ತದೆ. ಮುಂದೆ ಹಾಳೆ ಕೆಟ್ಟರೆ ಬಲಿಯಾಗುವುದು ಆ ತಗಡು, ಚಾವಣಿಯಲ್ಲ.

ನಮ್ಮ ದಂಪತಿ ಈ ದಾರಿ ಹಿಡಿದರೆಂದುಕೊಳ್ಳಿ. ಅವರದು ಫೈಬರ್‌ಗ್ಲಾಸ್ ಚಾವಣಿ. (ರಬ್ಬರಾಗಿದ್ದರೆ ಹೊದಿಕೆ ಪ್ಲೈವುಡ್ಡಿಗೆ ಬಿಗಿಯಾಗಿ ಅಂಟಿದೆಯೇ ಎಂದು ಮೊದಲು ನೋಡಬೇಕಿತ್ತು. ಅದೇ ಸಡಿಲವಾಗಿದ್ದರೆ ಮೇಲಿನ ಅಂಟು ಎಷ್ಟು ಗಟ್ಟಿಯಿದ್ದೇನು?) ಸೋಪು ನೀರಿನಲ್ಲಿ ಉಜ್ಜಿ, ಒಣಗಿಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುತ್ತಾರೆ. ಬಳಸುವುದು ಅಕ್ರಿಲಿಕ್ ನೊರೆಯ ಟೇಪು. ಕಾದಾಗ ಪ್ಲಾಸ್ಟಿಕ್ ಹಾಳೆಯೂ ಚಾವಣಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕಲ್ಲಿನಂತೆ ಗಟ್ಟಿಯಾಗುವ ಅಂಟು ಈ ಎಳೆದಾಟದಲ್ಲಿ ಬಿಟ್ಟುಕೊಳ್ಳಬಹುದು. ನೊರೆಯ ಟೇಪು ಎಳೆದತ್ತ ತುಸು ಜಗ್ಗುತ್ತದೆ. ರೋಲರಿನಿಂದ ಬಲವಾಗಿ ಒತ್ತಬೇಕು. ಮೊದಲ 20 ನಿಮಿಷದಲ್ಲಿ ಟೇಪಿಗೆ ಬರುವುದು ಅರ್ಧ ಬಲ. ಪೂರ್ಣ ಬಲಕ್ಕೆ 72 ಗಂಟೆ ಬೇಕು. ಮೂರು ದಿನ ಗಾಡಿ ಹೊರಡುವಂತಿಲ್ಲ. ಬಹಳ ಜನ ಎಡವುವುದು ಇಲ್ಲೇ.

ವೈರಿಗೂ ತೂತು ಕೊರೆಯಬೇಕಾಗಿಲ್ಲ. ಫ್ರಿಜ್ಜಿನ ಬಿಸಿಗಾಳಿಗಾಗಿ ಚಾವಣಿಯಲ್ಲಿ ಕಿಂಡಿಯಿದ್ದರೆ ಅದರೊಳಗೇ ಇಳಿಸಬಹುದು. ನಾಲ್ಕು ಹಾಳೆಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ, ಒಂದರ ನೆರಳು ಇನ್ನೊಂದನ್ನು ಕಟ್ಟಿಹಾಕದಿರಲೆಂದು. ವೈರ್ ಮುಟ್ಟುವ ಮೊದಲು ಹಾಳೆಗಳ ಮೇಲೆ ದಪ್ಪ ಕಂಬಳಿ. ಬಿಸಿಲು ಬಿದ್ದ ಸೌರಫಲಕವನ್ನು ಆರಿಸಲು ಸ್ವಿಚ್ಚಿಲ್ಲ, ಸಂಜೆಯವರೆಗೂ ಅದು ಜೀವಂತ.

ಕ್ವಾರ್ಟ್‌ಸೈಟ್‌ನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ಏರುವುದು ದಿಗಂತದಿಂದ 33 ಡಿಗ್ರಿ ಮಾತ್ರ. ಬೆಂಗಳೂರಿನಲ್ಲಿ ಅಂದು 53 ಡಿಗ್ರಿಗೂ ಮೇಲೆ. ಆದರೂ ಇಲ್ಲಿಯ ನೀರು ಕಾಯಿಸುವ ಸೌರಫಲಕಗಳನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸುತ್ತಾರೆ. ಅಂಟಿದ ಹಾಳೆ ವಾಲುವುದಿಲ್ಲ. 33 ಡಿಗ್ರಿಯ ಸೈನ್ 0.54. ಹಾಗಾಗಿ ಕಂಬಳಿ ತೆಗೆದಾಗ 400 ವಾಟಿನ ಹಾಳೆಗಳಿಗೆ ಮೀಟರು ತೋರಿಸುವುದು ಇನ್ನೂರರ ಆಸುಪಾಸು. ಇಡೀ ದಿನಕ್ಕೆ ಒಂದು ಯೂನಿಟ್ಟಿಗೂ ಸ್ವಲ್ಪ ಕಡಿಮೆ, 900 ವಾಟ್-ಗಂಟೆ ಎಂದಿಟ್ಟುಕೊಳ್ಳಿ. ಏರ್‌ಕಂಡೀಷನರಿನ ಮಾತೇ ಬೇಡ. ಬ್ಯಾಟರಿಯಿಂದ ನಡೆಯುವ ಫ್ರಿಜ್ಜಿಗೆ 500 ಹೋದರೆ ದೀಪ, ನೀರಿನ ಪಂಪು, ಫ್ಯಾನಿಗೆ 250. ಮಿಕ್ಕ 150 ಮೋಡದ ದಿನಕ್ಕೆಂದು ಬ್ಯಾಟರಿಯಲ್ಲಿ ಉಳಿಯುತ್ತದೆ. ಎರಡು ದಿನ ಸತತ ಮೋಡ ಕವಿದರೆ ಯಜಮಾನತಿ ಮೊದಲು ಆರಿಸುವುದು ಫ್ಯಾನನ್ನು, ಆಮೇಲೆ ದೀಪವನ್ನು.