ಮನೆಯಲ್ಲಿ ಮಾಡಿದ ಚಟ್ನಿಪುಡಿ, ಉಪ್ಪಿನಕಾಯಿ ಮಾರುವ ಮುನ್ನ ತಿಳಿದಿರಬೇಕಾದ್ದೇನು?

"ನಿಮ್ಮ ಚಟ್ನಿಪುಡಿ ಎಷ್ಟು ಚೆನ್ನಾಗಿದೆ, ಯಾಕೆ ಮಾರಬಾರದು?" ಎಷ್ಟೋ ಮನೆ ಉದ್ಯಮಗಳು ಶುರುವಾಗುವುದು ಈ ಮಾತಿನಿಂದಲೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಫೋಟೊ ಹಾಕಿದರೆ ಮೊದಲ ಆರ್ಡರ್‌ಗಳೂ ಬರುತ್ತವೆ. ಆದರೆ ಮನೆಯ ಡಬ್ಬಿಗೂ ಮಾರುವ ಪೊಟ್ಟಣಕ್ಕೂ ವ್ಯತ್ಯಾಸವಿದೆ. ಡಬ್ಬಿ ತುಂಬಿಸಿದ್ದು ಯಾವಾಗ, ಒದ್ದೆ ಚಮಚ ಹಾಕಿದವರು ಯಾರು ಎಂಬುದು ನಮಗೆ ಗೊತ್ತಿರುತ್ತದೆ. ಕೊರಿಯರ್‌ನಲ್ಲಿ ಹೋದ ಪೊಟ್ಟಣ ಎಲ್ಲಿ, ಎಷ್ಟು ದಿನ ಇರುತ್ತದೋ ಗೊತ್ತಿರುವುದಿಲ್ಲ. ಹಾಗಾಗಿ ಮೂರು ತಪ್ಪು ಕಲ್ಪನೆಗಳನ್ನು ಮೊದಲೇ ಬಿಡುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಮನೆಯಲ್ಲಿ ಮಾಡಿದ್ದಕ್ಕೆ ನೋಂದಣಿ ಬೇಡ

ವಾಸ್ತವ: 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 31ನೇ ಸೆಕ್ಷನ್ ಸಣ್ಣ ತಯಾರಕರಿಗೆ ವಿನಾಯಿತಿ ಕೊಟ್ಟಿರುವುದು ಪರವಾನಗಿಯಿಂದ, ನೋಂದಣಿಯಿಂದಲ್ಲ. ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಗಳ ಸಂಖ್ಯೆಯ ಜೊತೆ ಪದಾರ್ಥಗಳ ಪಟ್ಟಿ, ತೂಕ, ವಿಳಾಸ, ತಯಾರಿಸಿದ ದಿನ ಮತ್ತು ಬಳಸಲು ಕೊನೆಯ ದಿನ ಪೊಟ್ಟಣದ ಮೇಲಿರಬೇಕು. ಆದರೆ ಈ ಸಂಖ್ಯೆ ಸಿಕ್ಕಿತೆಂದರೆ ನಿಮ್ಮ ಉಪ್ಪಿನಕಾಯಿ ಪರೀಕ್ಷೆಯಲ್ಲಿ ಪಾಸಾಯಿತು ಎಂದರ್ಥವಲ್ಲ.

ತಪ್ಪು ಕಲ್ಪನೆ 2: ಪ್ರಿಸರ್ವೇಟಿವ್ ಇಲ್ಲ, ಅಜ್ಜಿಯ ಕಾಲದ ವಿಧಾನ, ಹಾಗಾಗಿ ಕೆಡುವುದಿಲ್ಲ

ವಾಸ್ತವ: ಉಪ್ಪು, ಹುಳಿ, ಬಿಸಿಲು ಇವೇ ಅಜ್ಜಿಯ ಕಾಲದ ಪ್ರಿಸರ್ವೇಟಿವ್‌ಗಳು. ಸೂಕ್ಷ್ಮಾಣುಗಳು ಬೆಳೆಯಲು ನೀರು ಬೇಕು. ಒಣಗಿಸಿದರೆ ಆ ನೀರು ಹೋಗುತ್ತದೆ, ಉಪ್ಪು ಹಾಕಿದರೆ ಅದು ಅವುಗಳ ಕೈಗೆ ಸಿಗುವುದಿಲ್ಲ. ಮಾವಿನ, ನಿಂಬೆಯ ಹುಳಿ ಬಹಳಷ್ಟು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. "ಬಿಪಿ ಇರುವವರಿಗಾಗಿ" ಎಂದು ಉಪ್ಪು ಕಡಿಮೆ ಮಾಡಿದರೆ, ಕೊಬ್ಬರಿಯ ಬದಲು ಹಸಿ ತೆಂಗಿನಕಾಯಿ ಹಾಕಿದರೆ ಹೆಸರು ಅಜ್ಜಿಯದೇ ಉಳಿದರೂ ರಕ್ಷಣೆ ಉಳಿಯುವುದಿಲ್ಲ.

ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಬರದಂತೆ ಮಾಡುತ್ತದೆ ನಿಜ. ಆದರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಬದುಕಬಲ್ಲವು, ಅದರ ವಿಷ ಪ್ರಾಣಾಂತಕ. ಪಿಎಚ್ ಮಟ್ಟ 4.6ಕ್ಕಿಂತ ಕಡಿಮೆ ಇದ್ದರೆ, ಅಂದರೆ ಸಾಕಷ್ಟು ಹುಳಿ ಇದ್ದರೆ, ಅದು ಬೆಳೆಯುವುದಿಲ್ಲ. ಬೆಳ್ಳುಳ್ಳಿಗೆ ಸ್ವಂತವಾಗಿ ಅಷ್ಟು ಹುಳಿ ಇಲ್ಲ.

ತಪ್ಪು ಕಲ್ಪನೆ 3: ಕೆಟ್ಟಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತದೆ

ವಾಸ್ತವ: ಕಮಟು ವಾಸನೆ ಎಣ್ಣೆ ಹಳಸಿದ್ದನ್ನು ಹೇಳುತ್ತದೆ, ಅಷ್ಟೇ. ಬಾಟ್ಯುಲಿನಂ ವಿಷವಿದ್ದರೂ ಬಣ್ಣ, ವಾಸನೆ ಬದಲಾಗದೇ ಇರಬಹುದು. ತೇವ ಹಿಡಿದ ಶೇಂಗಾ, ಮೆಣಸಿನಕಾಯಿಯಲ್ಲಿ ಶಿಲೀಂಧ್ರಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಮೊದಲು ಒಂದೇ ಒಂದು ಒಣ ಪದಾರ್ಥ ಆರಿಸಿಕೊಳ್ಳಿ. ಉಪ್ಪು, ಹುಳಿಗಳನ್ನು ಕೈಯಳತೆಯಲ್ಲಿ ಹಾಕದೆ ತೂಗಿ ಹಾಕಿ, ಬರೆದಿಡಿ. ಪ್ರತಿ ಸಲ ಮಾಡಿದಾಗಲೂ ಒಂದು ಪೊಟ್ಟಣ ಮನೆಯಲ್ಲಿ ಉಳಿಸಿಕೊಳ್ಳಿ. ದೂರು ಬಂದರೆ ಅದೇ ಸಾಕ್ಷಿ. ಅಂಗಡಿಯ ಬಾಟಲಿ ನೋಡಿ "6 ತಿಂಗಳು" ಎಂದು ನಕಲು ಮಾಡಬೇಡಿ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಆಹಾರ ಸಂಸ್ಕರಣೆಯ ತರಬೇತಿ ಬೇಕೆಂದರೆ ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ ಇದೆ.

ಇದಕ್ಕೆಲ್ಲ ಖರ್ಚಿದೆ. ಅದನ್ನು ಮೊದಲ ದಿನದಿಂದಲೇ ಬೆಲೆಯಲ್ಲಿ ಸೇರಿಸಿ. "ಮನೆಯದ್ದು" ಎಂಬ ನಂಬಿಕೆಯಿಂದ ಜನ ಕೊಳ್ಳುತ್ತಾರೆ, ಮಕ್ಕಳ ತಟ್ಟೆಗೂ ಬಡಿಸುತ್ತಾರೆ. ಆ ನಂಬಿಕೆ ಒಂದು ಪೊಟ್ಟಣದಿಂದ ಹೋದರೂ ಮತ್ತೆ ಬರುವುದು ಕಷ್ಟ.