ಸಂತ ಮಾರ್ಟಿನರ ಕೈಯ ಪೊರಕೆ

ಪೊರಕೆ ಹಿಡಿದು ನಿಂತ ಸಂತ ಮಾರ್ಟಿನ್ ಡಿ ಪೋರಸ್ ರವರ ಚಿತ್ರ ನಮ್ಮ ಕೆಲವು ಮನೆಗಳಲ್ಲಿಯೂ ಇದೆ. ಅವರ ವಿನಯವನ್ನು ನಾವು ಕೊಂಡಾಡುತ್ತೇವೆ. ಆ ಪೊರಕೆ ಅವರ ಕೈಗೆ ಬಂದ ಬಗೆಯನ್ನು ಮಾತ್ರ ವಿಚಾರಿಸುವುದಿಲ್ಲ.

ಮಾರ್ಟಿನರು ಜನಿಸಿದ್ದು 1579ರಲ್ಲಿ, ಪೆರು ದೇಶದ ಲಿಮಾದಲ್ಲಿ. 1535ರಲ್ಲಿ ಸ್ಪೇನಿನವರು ಸ್ಥಾಪಿಸಿದ ಆ ನಗರ ಮತ್ತೊಂದು ಸ್ಪೇನ್ ಆಗಲಿಲ್ಲ. 1614ರ ಜನಗಣತಿಯಲ್ಲಿ ಅಲ್ಲಿದ್ದ ಸುಮಾರು 25,000 ಜನರಲ್ಲಿ 10,000ಕ್ಕೂ ಹೆಚ್ಚು ಮಂದಿ ಆಫ್ರಿಕಾ ಮೂಲದವರು. ಒಡೆಯರ ಎಷ್ಟೋ ಶಿಶುಗಳು ಆಫ್ರಿಕನ್ ದಾದಿಯರ ಹಾಲುಂಡು ಬೆಳೆದವು. ಅಮೆರಿಕದಲ್ಲಿ ಹುಟ್ಟಿದ ಸ್ಪೇನಿನವರಿಗಿದ್ದ 'ಕ್ರಿಯೊಲ್ಲೊ' ಎಂಬ ಹೆಸರೂ ಮೊದಲು ಆಫ್ರಿಕನ್ನರು ಅಲ್ಲಿ ಹುಟ್ಟಿದ ತಮ್ಮ ಮಕ್ಕಳಿಗೆ ಇಟ್ಟದ್ದೆಂದು ಗಾರ್ಸಿಲಾಸೊ 1609ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳುತ್ತಾನೆ. ಸ್ಪೇನಿನ ದಳಪತಿಗೂ ಇಂಕಾ ರಾಜವಂಶದ ಸ್ತ್ರೀಗೂ ಹುಟ್ಟಿದ ಈತ, ಜನ ಬೈಗುಳವಾಗಿ ಬಳಸುತ್ತಿದ್ದ 'ಮೆಸ್ತಿಸೊ', ಅಂದರೆ ಮಿಶ್ರಸಂತಾನ, ಎಂಬ ಪದವನ್ನು ತನಗೆ ತಾನೇ ಬಾಯ್ತುಂಬ ಹೇಳಿಕೊಂಡವನು.

ಭಕ್ತಿಯಲ್ಲಿಯೂ ಹೀಗೆಯೇ. 1651ರಲ್ಲಿ ಅಂಗೋಲದ ಗುಲಾಮನೊಬ್ಬ ಮಣ್ಣಿನ ಗೋಡೆಯ ಮೇಲೆ ಬರೆದನೆನ್ನಲಾದ ಶಿಲುಬೆಯ ಕ್ರಿಸ್ತನ ಚಿತ್ರ 1655ರ ಭೂಕಂಪದಲ್ಲಿ ಅಳಿಯದೆ ಉಳಿಯಿತು. ಇಂದಿಗೂ ಅಕ್ಟೋಬರಿನಲ್ಲಿ ಲಿಮಾದ ಜನ, ಬಡವ ಬಲ್ಲಿದರೆನ್ನದೆ, ನೇರಳೆ ವಸ್ತ್ರ ತೊಟ್ಟು ಅದರ ಪ್ರತಿಕೃತಿಯ ಮೆರವಣಿಗೆಯಲ್ಲಿ ನಡೆಯುತ್ತಾರೆ.

ಬದುಕಿನಲ್ಲಿ ಬೆರೆತವರನ್ನು ನಿಯಮ ಬೇರ್ಪಡಿಸಿತು. ಅದು ನಮ್ಮ ಧರ್ಮಸಭೆಯದೇ ನಿಯಮವೆಂಬುದನ್ನು ಮುಚ್ಚಿಡಬಾರದು. ಮಾರ್ಟಿನರ ತಂದೆ ಸ್ಪೇನಿನ ಕುಲೀನ. ತಾಯಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಹೆಂಗಸು. ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ ಅಜ್ಞಾತ. ಆಫ್ರಿಕನ್ ರಕ್ತದವರಿಗೆ ಡೊಮಿನಿಕನ್ ಮಠದ ಪೂರ್ಣ ಸದಸ್ಯತ್ವವಿರಲಿಲ್ಲ. ಮಾರ್ಟಿನರು ಸೇವಕರಾಗಿ ಒಳಹೊಕ್ಕರು. ಪೊರಕೆ ಬಂದದ್ದು ಹಾಗೆ. ವ್ರತ ಸ್ವೀಕಾರಕ್ಕೆ 1603ರವರೆಗೆ ಕಾಯಬೇಕಾಯಿತು. ತತ್ತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಮೈಬಣ್ಣವು ಮನುಷ್ಯನ ಆಗಂತುಕ ಗುಣ. ಆ ನಿಯಮ ಅದನ್ನೇ ಸಾರವೆಂದು ಎಣಿಸಿತು. ವಿನಯವು ಸಂತರದು, ಅವಮಾನವು ಇತರರದು. ಇವೆರಡನ್ನೂ ಒಂದೇ ಎಂದು ಬೋಧಿಸುವುದು ತಪ್ಪೆಂದು ನನ್ನ ಅಭಿಪ್ರಾಯ.

ಮದುವೆಯ ಮಾತುಕತೆಯಲ್ಲಿ ವರನ ಗುಣಕ್ಕಿಂತ ಮೊದಲು "ಅವರು ಮೂಲತಃ ಯಾರು?" ಎಂದು ವಿಚಾರಿಸುವ ಕ್ರೈಸ್ತ ಕುಟುಂಬಗಳು ಇಂದಿಗೂ ಇವೆ. ಅವರು ನವೆಂಬರ್ 3ರಂದು, ಸಂತರ ಹಬ್ಬದ ದಿನ, ಯಾರ ಮುಂದೆ ಮೇಣದಬತ್ತಿ ಹಚ್ಚುತ್ತಾರೆ?

ಮಾರ್ಟಿನರು ಜ್ಞಾನಸ್ನಾನ ಪಡೆದ ದೇವಾಲಯದಲ್ಲಿಯೇ 1586ರಲ್ಲಿ ಲಿಮಾದ ಸಂತ ರೋಸ್ ರವರಿಗೂ ಜ್ಞಾನಸ್ನಾನವಾಯಿತು. ಸ್ಪೇನ್ ಮೂಲದ ಸೈನಿಕನ ಮಗಳಾದ ಅವರಿಗೆ 1671ರಲ್ಲಿ ಸಂತ ಪದವಿ ದೊರೆಯಿತು. ಮಾರ್ಟಿನರಿಗೆ ಅದು ದೊರೆತದ್ದು 1962ರಲ್ಲಿ, ಪೋಪ್ 23ನೇ ಜಾನ್ ರವರಿಂದ.