ನಮ್ಮ ಐವತ್ತು ಕಿಲೋ ಎಷ್ಟು?

ತುರ್ಭೆ ಸ್ಟೇಷನ್ನಿನ ಒಂದು ಕಡೆ ಎಪಿಎಂಸಿ ಮಾರುಕಟ್ಟೆ. ಇನ್ನೊಂದು ಕಡೆ ಠಾಣೆ-ಬೇಲಾಪುರ ರಸ್ತೆ ದಾಟಿದರೆ ಎಂಐಡಿಸಿ. ಅಲ್ಲಿ ಮೂಟೆ ಹೊರುತ್ತಾರೆ, ಇಲ್ಲಿ ಗಾಜಿನ ಕಟ್ಟಡದೊಳಗೆ ನಾನು ಪ್ರಾಜೆಕ್ಟ್ ಮ್ಯಾನೇಜರ್. ಎಂ.ಟೆಕ್. ಮಾಡಿದವನು, ಕೆಲಸಕ್ಕೆ ಸೇರಿ 18 ವರ್ಷವಾಯಿತು. ಇವರಿಬ್ಬರಲ್ಲಿ ಯಾರ ನೌಕರಿಗೆ ಹೆಚ್ಚು ಮರ್ಯಾದೆ ಎಂದು ಮೊದಲು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ.

ಕಳೆದ ವರ್ಷ ನಮ್ಮ ಡೆಲಿವರಿ ಹೆಡ್ 12 ವಾರದ ಕೆಲಸವನ್ನು 7 ವಾರಕ್ಕೆ ಮುಗಿಸಿಕೊಡುತ್ತೇವೆಂದು ಕ್ಲೈಂಟಿಗೆ ಮಾತು ಕೊಟ್ಟು ಬಂದರು. ನಮ್ಮನ್ನು ಕೇಳಿರಲಿಲ್ಲ. ಲೆಕ್ಕ ತೋರಿಸಲು ಹೋದರೆ, "ನನಗೆ ಸಮಸ್ಯೆ ತರಬೇಡ, ಪರಿಹಾರ ತಾ" ಅಂದರು. ಮೀಟಿಂಗಿನಲ್ಲಿ ಎಲ್ಲರೆದುರು ಒಬ್ಬೊಬ್ಬರನ್ನೇ ಬಯ್ಯುವುದು ಅವರ ನಾಯಕತ್ವದ ಪರಿ. ರಾತ್ರಿ ಹನ್ನೊಂದಕ್ಕೆ ಕಾಲ್, ಭಾನುವಾರ ಮೆಸೇಜು, ಉತ್ತರ ತಡವಾದರೆ 'ಕಮಿಟ್‌ಮೆಂಟ್ ಇಲ್ಲ' ಎಂಬ ಹಣೆಪಟ್ಟಿ. 7 ವಾರಕ್ಕೆ ಕೆಲಸ ಮುಗಿಯಲಿಲ್ಲ. ಮುಗಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಒಂದು ತಲೆ ಬೇಕಾಯಿತು. ಅಪ್ರೈಸಲ್ ಹೊತ್ತಿಗೆ, ಪ್ರತಿ ತಂಡದಿಂದ ಒಬ್ಬರನ್ನು ಕೊನೆಯ ರೇಟಿಂಗಿಗೆ ಹಾಕಲೇಬೇಕು, ಹೆಸರು ಕೊಡು ಅಂದರು.

ಕೊಟ್ಟೆ. ಹುಬ್ಬಳ್ಳಿಯ ಹುಡುಗಿ, ಎರಡು ವರ್ಷದ ಅನುಭವ. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಜಗಳವಾಡುವವಳು, ಅದಕ್ಕೇ ಅವಳ ಹೆಸರು. ಹೇಳಲು ಕರೆದಾಗ ಅವಳು ಅಳಲಿಲ್ಲ. "ಸರ್, ಏಳು ವಾರದಾಗ ಆಗೂದಿಲ್ಲ ಅಂತ ಮೊದಲು ಮೇಲ್ ಬರದಾಕಿ ನಾನ ಅಲ್ಲೇನ್ರಿ?" ಅಂತಷ್ಟೇ ಕೇಳಿದಳು. "ಪ್ರೊಸೆಸ್ ಹಾಗಿದೆ" ಅಂದೆ. ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟು ಹೋದಳು. ಈ ಲೇಖನದಲ್ಲಿ ಬರುವ ಕೆಟ್ಟ ಮ್ಯಾನೇಜರ್ ಡೆಲಿವರಿ ಹೆಡ್ ಒಬ್ಬರೇ ಅಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಎಪಿಎಂಸಿ ಹೊರಗಿನ ಚಹದಂಗಡಿಯಲ್ಲಿ ಕನ್ನಡ ಕಿವಿಗೆ ಬಿತ್ತು. ಸಾಂಗಲಿ ಜಿಲ್ಲೆಯ ಜತ್ತ ಕಡೆಯ ಒಬ್ಬ ಮಾಥಾಡಿ. ಮಾಥಾ ಎಂದರೆ ತಲೆ, ತಲೆಯ ಮೇಲೆ ಹೊರುವವರು ಮಾಥಾಡಿಗಳು. "ಕಾಕಾ, ಎಷ್ಟು ಕಿಲೋ ಹೊರ್ತೀರಿ?" ಎಂದೆ. "ಐವತ್ತರ ಮ್ಯಾಲ ಇದ್ರ ಮುಟ್ಟಂಗಿಲ್ರಿ ಸಾಹೇಬ್ರ. ಯಾಪಾರಿ ಕೂಗಾಡ್ಲಿ, ಮಾಲು ಗಾಡ್ಯಾಗ ಇರತೈತಿ" ಎಂದರು. ಚಹ ಆರುವ ತನಕ ನಾನು ಮಾತಾಡಲಿಲ್ಲ.

ಆ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಅಣ್ಣಾಸಾಹೇಬ ಪಾಟೀಲರು ಮುಂಬಯಿಯ ಹಮಾಲರನ್ನು ಸಂಘಟಿಸಿದರು. ಆ ಹೋರಾಟದಿಂದ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯ್ದೆ ಬಂತು. ಕಾರ್ಮಿಕರು, ಮಾಲೀಕರು, ಸರಕಾರ ಮೂವರೂ ಕೂರುವ ಮಂಡಳಿಯಲ್ಲಿ ಮಾಲೀಕ ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚುಯಿಟಿ, ಬೋನಸ್ಸು ಅದರಿಂದ ಬರುತ್ತವೆ. ಅಲ್ಲೂ ಹುಳುಕಿದೆ. ಮಾಥಾಡಿ ಹೆಸರು ಹೇಳಿಕೊಂಡು ಸುಲಿಗೆ ಮಾಡುವವರಿದ್ದಾರೆ. ಆದರೂ ಹೊರೆ ಹೊರುವವನ ಜೊತೆ ಕೂತು ಮಾತಾಡದೆ ಅವನ ಹೊರೆ ತೀರ್ಮಾನವಾಗಬಾರದು ಎಂಬ ತತ್ವವೊಂದು ಅಲ್ಲಿದೆ.

ನಮಗೇನಿದೆ? ಎಚ್‌ಆರ್ ಇದೆ. ಅದಕ್ಕೆ ಸಂಬಳ ಕೊಡುವುದು ಕಂಪನಿ. ಕಾಯ್ದೆಯಲ್ಲಿ ನಮಗೆ ಜಾಗವೇ ಇಲ್ಲವೆಂದಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ತಾಂತ್ರಿಕ ಕೆಲಸ ಮಾಡುವವರನ್ನೂ ಕಾರ್ಮಿಕರೆಂದೇ ಎಣಿಸಿತು. ಮುಖ್ಯವಾಗಿ ಆಡಳಿತ ನಡೆಸುವವರನ್ನು ಹೊರಗಿಟ್ಟಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೇ ಗೆರೆ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸ ಮುಖ್ಯವೆಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ನಾವೇ ವಿಸಿಟಿಂಗ್ ಕಾರ್ಡಿನ 'ಮ್ಯಾನೇಜರ್', 'ಲೀಡ್' ಓದಿ, ನಾವು ಕಾರ್ಮಿಕರಲ್ಲ ಎಂದು ನಂಬಿದೆವು.

ಮುಂಬಯಿ ಕನ್ನಡಿಗರು ಇದನ್ನು ನಂಬುವುದು ಇನ್ನೂ ವಿಚಿತ್ರ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ನಾವು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಇದೇ ಮುಂಬಯಿಯ ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಕಟ್ಟಿದರು. ಆದರೆ 2024ರಲ್ಲಿ ಕರ್ನಾಟಕದಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ ಬಂದು, ಅಲ್ಲಿನ ಐಟಿ ನೌಕರರ ಸಂಘ ಪ್ರತಿಭಟನೆಗೆ ಇಳಿದಾಗ ನಮ್ಮ ಆಫೀಸಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಒಂದು ನಗೆಯ ಇಮೋಜಿ. ಅದೇ ವರ್ಷ ಪುಣೆಯಲ್ಲಿ 26ರ ಹರೆಯದ ಚಾರ್ಟರ್ಡ್ ಅಕೌಂಟೆಂಟ್ ಕೆಲಸಕ್ಕೆ ಸೇರಿದ ನಾಲ್ಕೇ ತಿಂಗಳಿಗೆ ತೀರಿಕೊಂಡಳು. ಅತಿಯಾದ ಕೆಲಸವೇ ಕಾರಣವೆಂದು ಅವಳ ತಾಯಿ ಕಂಪನಿಗೆ ಬರೆದ ಪತ್ರವನ್ನು ನಾವೆಲ್ಲ ಫಾರ್ವರ್ಡ್ ಮಾಡಿದೆವು. ಮಾಡಿ ಹನ್ನೊಂದರ ಕಾಲಿಗೆ ಹೋಗಿ ಕೂತೆವು.

"ಅಷ್ಟು ಕಷ್ಟವಾದರೆ ಬಿಟ್ಟು ಹೋಗಲಿ" ಎನ್ನುವ ಗೆಳೆಯರಿದ್ದಾರೆ. ಹುಬ್ಬಳ್ಳಿಯವಳು ಹೋದಳಲ್ಲ, ಏನು ಬದಲಾಯಿತು? ಅವಳ ಕುರ್ಚಿಯಲ್ಲಿ ಇನ್ನೊಬ್ಬ ಬಂದ, ಮುಂದಿನ ವರ್ಷದ ಪಟ್ಟಿಗೆ ಅವನು. "ಇಷ್ಟು ಸಂಬಳ ಕೊಡುವಾಗ ಸಹಿಸಬೇಕು" ಎನ್ನುವವರೂ ಇದ್ದಾರೆ. ಸಂಬಳ ಕೆಲಸಕ್ಕೆ. ಬಯ್ಯಿಸಿಕೊಳ್ಳುವುದಕ್ಕೆಂದು ನನ್ನ ಪೇಸ್ಲಿಪ್ಪಿನಲ್ಲಿ ಒಂದು ಸಾಲೂ ಇಲ್ಲ.

ಮೇಲಿನವನ ಸಿಟ್ಟು ನೇರವಾಗಿ ಕೆಳಗೆ ಬೀಳುವುದಿಲ್ಲ. ನಡುವೆ ನಮ್ಮಂಥವರ ಹೆಗಲು ಬೇಕು. 12 ವಾರವನ್ನು 7 ಮಾಡಿದ್ದು ಅವರು, ಆ 7 ವಾರವನ್ನು ಹುಡುಗರ ತಲೆಯ ಮೇಲಿಟ್ಟದ್ದು ನಾನು. ನಡುವಿನವರು ನಾಲ್ಕು ಜನ ಸೇರಿ "ಇದು ಐವತ್ತು ಕಿಲೋ ಮೀರಿತು, ಎತ್ತುವುದಿಲ್ಲ" ಎಂದರೆ ಮಾಲು ಗಾಡಿಯಲ್ಲೇ ಉಳಿಯುತ್ತದೆ. ಒಬ್ಬನೇ ಹೇಳಿದರೆ ಉಳಿಯುವುದಿಲ್ಲ, ಹೇಳಿದವನು ಹೊರಗೆ. ಅದಕ್ಕೇ ಸಂಘ ಬೇಕು, ಆ ಪದಕ್ಕೆ ನಾಚಬಾರದು.

ನನಗೂ ಮನೆಸಾಲ ಇದೆ, ಮಗಳ ಫೀಸಿದೆ, ಧೈರ್ಯ ಅಷ್ಟಕ್ಕಷ್ಟೇ. ಆದರೂ ಈ ಸಲ ಪಟ್ಟಿಗೆ ಹೆಸರು ಕೇಳಿದಾಗ, ಅಂದಾಜು ತಪ್ಪಿದ್ದು ಎಲ್ಲಿಂದ ಎಂದು ಲಿಖಿತವಾಗಿ ಬರೆದು ಕಳಿಸಿದ್ದೇನೆ. ಇನ್ನೊಂದು ತಂಡದ ಇಬ್ಬರು ಮ್ಯಾನೇಜರುಗಳೂ ಅದಕ್ಕೆ ಹೆಸರು ಹಾಕಿದ್ದಾರೆ. ಉತ್ತರ ಬಂದಿಲ್ಲ. ಹುಬ್ಬಳ್ಳಿಯವಳಿಗೆ ಕ್ಷಮೆ ಕೇಳಿ ಮೆಸೇಜು ಹಾಕಿದೆ. ಎರಡು ನೀಲಿ ಗೆರೆ ಮೂಡಿವೆ, ಅವಳ ಉತ್ತರವೂ ಬಂದಿಲ್ಲ. ಅವಳಿಗೆ ಆ ಹಕ್ಕಿದೆ.